ಫಾರ್ವರ್ಡ್ ನೋಡಿ ಅಪ್ಪ ಶುಗರ್ ಗುಳಿಗೆ ಬಿಟ್ಟಿದ್ದಾರೆ, ನಿಜವೋ ಸುಳ್ಳೋ ಹೇಗೆ ನೋಡೋದು?

ಸೇಡಂರಸ್ತೆ_ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ನಮ್ಮಪ್ಪನಿಗೆ 61. ಶುಗರ್ ಬಂದು ಒಂಬತ್ತು ವರ್ಷ. ಮೆಟ್‌ಫಾರ್ಮಿನ್ ಗುಳಿಗೆ, ಒಂದು ದಿನ ತಪ್ಪಿಸಿದವರಲ್ಲ, ಜಾತ್ರೆಗೆ ಹೋದರೂ ಜುಬ್ಬಾ ಜೇಬಿನಲ್ಲಿ ಸ್ಟ್ರಿಪ್ ಇರುತ್ತಿತ್ತು. ಕಳೆದ ವಾರ ಅವರ ಡಬ್ಬಿ ತೆಗೆದು ನೋಡಿದರೆ ಗುಳಿಗೆ ಹಾಗೇ ಇವೆ. ಲೆಕ್ಕ ಹಾಕಿದೆ, ಮೂರು ವಾರದಿಂದ ಒಂದೂ ತೆಗೆದುಕೊಂಡಿಲ್ಲ. ಕೇಳಿದರೆ ಮೊದಲು ಮಾತೇ ಆಡಲಿಲ್ಲ. ಆಮೇಲೆ ಮೊಬೈಲ್ ನನ್ನ ಕೈಗೆ ಕೊಟ್ಟರು. ಬೀಗರ ಕಡೆಯ ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೊ. ಮೇಲೆ ಕೆಂಪಕ್ಷರದಲ್ಲಿ "ಶುಗರ್ ಗುಳಿಗೆಯಲ್ಲಿ ಕ್ಯಾನ್ಸರ್ ವಿಷ, ಅಮೆರಿಕದಲ್ಲಿ ಬಂದ್" ಅಂತ ಕನ್ನಡ, ಕೆಳಗೆ ಇಂಗ್ಲಿಷ್ ಪೇಪರಿನ ತುಂಡು.

ಸುಳ್ಳು ಅಂತ ಹೇಳಿಬಿಡೋಣ ಅಂತ ಗೂಗಲ್ ಮಾಡಿದೆ. ಅಲ್ಲೇ ಸಿಕ್ಕಿಹಾಕಿಕೊಂಡೆ. ಸುದ್ದಿ ನಿಜವಾಗಿಯೂ ಇದೆ! ದೊಡ್ಡ ದೊಡ್ಡ ಪತ್ರಿಕೆಗಳಲ್ಲೇ ಇದೆ. ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. "ಓದಿದಾಂವ ನೀ, ಈಗ ಹೇಳು" ಅಂದರು. ಏನು ಹೇಳೋದು? ಇನ್ನೊಂದು ಸೈಟು ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ ಅನ್ನುತ್ತೆ, ಮತ್ತೊಂದು ಕಿಡ್ನಿ ಹೋಗುತ್ತೆ ಅನ್ನುತ್ತೆ, ಯೂಟ್ಯೂಬಿನಲ್ಲಿ ಒಬ್ಬರು ಬಿಳಿ ಕೋಟು ಹಾಕಿಕೊಂಡು "ಇವತ್ತೇ ಬಿಡಿ" ಅನ್ನುತ್ತಾರೆ.

ಮೊನ್ನೆ ಖಾಲಿ ಹೊಟ್ಟೆ ಶುಗರ್ ನೋಡಿಸಿದೆ. 214. ಮೊದಲು 130ರ ಆಸುಪಾಸು ಇರುತ್ತಿತ್ತು. ಡಾಕ್ಟರ್ ಹತ್ತಿರ ಹೋಗೇ ಹೋಗುತ್ತೇವೆ, ಸೋಮವಾರ ನಂಬರ್ ಸಿಕ್ಕಿದೆ. ಆದರೆ ಅಲ್ಲಿ ನಮ್ಮ ಪಾಳಿ ಬಂದರೆ ಎರಡು ನಿಮಿಷ. ಅಪ್ಪ ಅವರ ಮುಂದೆ ಹೂಂ ಅಂದು ಬಂದು ಮನೆಯಲ್ಲಿ ಮತ್ತೆ ಬಿಡುತ್ತಾರೆ, ನನಗೆ ಗೊತ್ತು. ಆರೋಗ್ಯದ ವಿಷಯ ಆನ್‌ಲೈನಿನಲ್ಲಿ ಓದಿದರೆ ಯಾವುದು ಸರಿ ಯಾವುದು ತಪ್ಪು ಅಂತ ನೀವೆಲ್ಲ ಹೇಗೆ ತಿಳಿದುಕೊಳ್ಳುತ್ತೀರಿ? ನನಗೆ ಬೇಕಾಗಿರೋದು ಅದು.

ಗುಳಿಗೆಡಬ್ಬಿ (ಬೀದರ್)

ತಮ್ಮಾ, ನಾನು ಹದಿನಾಲ್ಕು ವರ್ಷದಿಂದ ಮೆಡಿಕಲ್ ಅಂಗಡಿಯಲ್ಲಿ ಕೂತಿದ್ದೇನೆ. ಈ ಫೋಟೊ ನನ್ನ ಕೌಂಟರಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಸುದ್ದಿ ಸುಳ್ಳಲ್ಲ. ಹಳೆಯದು. ಅದೇ ಇದರ ಕಿತಾಪತಿ.

ಆದದ್ದು ಇಷ್ಟು. 2020ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಇಲಾಖೆ ಎಫ್‌ಡಿಎ ಅಲ್ಲಿ ಮಾರುತ್ತಿದ್ದ ಐದು ಕಂಪನಿಗಳಿಗೆ, ನಿಮ್ಮ ಮೆಟ್‌ಫಾರ್ಮಿನ್ನಿನ ಕೆಲವು ಲಾಟ್ (ಒಂದೇ ಸಲ ತಯಾರಾದ ಬ್ಯಾಚ್) ವಾಪಸ್ ತೆಗೆದುಕೊಳ್ಳಿ ಅಂತ ಹೇಳಿತು. ಆಮೇಲೆ ಇನ್ನಷ್ಟು ಕಂಪನಿ ಸೇರಿದವು. ಎನ್‌ಡಿಎಂಎ ಅನ್ನೋ ಒಂದು ಕಲ್ಮಶ ಮಿತಿಗಿಂತ ಜಾಸ್ತಿ ಸಿಕ್ಕಿತ್ತು. ಮಿತಿ ಅಂದರೆ ದಿನಕ್ಕೆ 96 ನ್ಯಾನೊಗ್ರಾಂ. ಒಬ್ಬ ಮನುಷ್ಯ 70 ವರ್ಷ ದಿನಾ ಅಷ್ಟು ತಿಂದರೂ ಕ್ಯಾನ್ಸರ್ ಅಪಾಯ ಏರಲಿಕ್ಕಿಲ್ಲ ಅನ್ನೋ ಲೆಕ್ಕದಲ್ಲಿ ಇಟ್ಟ ಗೆರೆ ಅದು. ಸುಟ್ಟ ಮಾಂಸದಲ್ಲೂ ಎನ್‌ಡಿಎಂಎ ಸ್ವಲ್ಪ ಇರುತ್ತೆ, ನೀರಿನಲ್ಲೂ ಇರಬಹುದು.

ಈಗ ಫಾರ್ವರ್ಡ್‌ನಲ್ಲಿ ಇಲ್ಲದ ಮಾತು ಕೇಳಿ. ಅದೇ ಎಫ್‌ಡಿಎ, ಅದೇ ಪ್ರಕಟಣೆಯಲ್ಲಿ, ಡಾಕ್ಟರ್ ಬೇರೆ ಗುಳಿಗೆ ಬರೆದುಕೊಡೋವರೆಗೂ ಇದನ್ನು ಬಿಡಬೇಡಿ, ಸುಮ್ನೆ ಬಿಟ್ಟರೆ ಅಪಾಯ ಅಂತಾನೂ ಹೇಳಿತ್ತು. ಕತ್ತರಿ ಹಾಕಿದವರು ಆ ಸಾಲಿನ ಮೇಲೇ ಹಾಕಿದ್ದಾರೆ.

ಆ ಫೋಟೊದಲ್ಲಿ ತಾರೀಖು ಇದೆಯಾ ನೋಡು. ಇರಲ್ಲ. ನಾನು ಮೊದಲು ನೋಡೋದೇ ತಾರೀಖು, ಆಮೇಲೆ ಊರು, ಆಮೇಲೆ ಯಾವ ಗುಳಿಗೆಯ ಯಾವ ಬ್ಯಾಚ್ ಅಂತ. ಔಷಧಿ ವಾಪಸ್ ತೆಗೆದುಕೊಳ್ಳೋದು ಸಾಮಾನ್ಯವಾಗಿ ಬ್ಯಾಚ್ ಲೆಕ್ಕದಲ್ಲಿ. ನಮ್ಮ ದೇಶದಲ್ಲೂ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ತಿಂಗಳು ತಿಂಗಳು ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿ ಹಾಕುತ್ತೆ, ಅದರಲ್ಲೂ ಬ್ಯಾಚ್ ನಂಬರ್ ಇರುತ್ತೆ. ಬ್ಯಾಚ್ ಹೇಳದೆ "ಈ ಗುಳಿಗೆ ವಿಷ" ಅಂದರೆ ನಾನು ಮುಂದಕ್ಕೆ ಓದೋದೇ ಇಲ್ಲ.

ಸೇಡಂರಸ್ತೆ_ಹುಡುಗ

ಅಣ್ಣಾ, ತುಂಬಾ ಉಪಕಾರ ಆಯ್ತು. ತಾರೀಖು ಇಲ್ಲ, ಹೌದು. ಆದರೆ ಇಂಗ್ಲಿಷ್ ಸುದ್ದಿ ತೆಗೆದು ಪೂರ್ತಿ ಓದಿದರೆ ಅದರಲ್ಲಿ "ಎಕ್ಸ್‌ಟೆಂಡೆಡ್ ರಿಲೀಸ್" ಅಂತ ಇದೆ. ಅಪ್ಪನ ಸ್ಟ್ರಿಪ್ ಮೇಲೆ "500 ಎಸ್‌ಆರ್" ಅಂತ ಇದೆ. ಅಂದರೆ ಅದೇ ಜಾತಿ ಅಲ್ವಾ? ಈಗ ನನಗೇ ಹೆದರಿಕೆ ಶುರುವಾಯ್ತು.

ಗುಳಿಗೆಡಬ್ಬಿ

ಜಾತಿ ಅದೇ, ಬ್ಯಾಚ್ ಅದಲ್ಲ. ಎಸ್‌ಆರ್, ಇಆರ್, ಎಕ್ಸ್‌ಆರ್ ಎಲ್ಲಾ ನಿಧಾನ ಕರಗೋ ಗುಳಿಗೆಗಳೇ. ಅಲ್ಲಿ ವಾಪಸ್ ತೆಗೆದುಕೊಂಡದ್ದು ಅಮೆರಿಕದಲ್ಲಿ ಮಾರಾಟ ಆಗುತ್ತಿದ್ದ ಕೆಲವು ಲಾಟ್, ಅದೂ ಐದಾರು ವರ್ಷದ ಹಿಂದಿನ ಮಾಲು. ಒಂದು ಗುಳಿಗೆಗೆ ಎರಡು ಮೂರು ವರ್ಷ ಆಯಸ್ಸು ಇರುತ್ತೆ. ನಿಮ್ಮಪ್ಪನ ಸ್ಟ್ರಿಪ್ ಹಿಂದೆ ತಯಾರಾದ ತಿಂಗಳು ಇದೆ, ತೋರಿಸು. ಅವತ್ತು ಆ ಗುಳಿಗೆ ಹುಟ್ಟಿರಲೇ ಇಲ್ಲ.

ಇನ್ನೊಂದು ಮಾತು, ನಾನು ಅಂಗಡಿಯವನು, ಡಾಕ್ಟರ್ ಅಲ್ಲ. ಮೂರು ವಾರ ಬಿಟ್ಟಿದ್ದಾರೆ, 214 ಇದೆ, ಹೇಗೆ ಶುರು ಮಾಡಬೇಕು, ಎಷ್ಟು ಅನ್ನೋದು ಸೋಮವಾರ ಅವರೇ ಹೇಳಲಿ. ಅಷ್ಟರಲ್ಲಿ ಸುಸ್ತು, ವಾಂತಿ, ಪದೇ ಪದೇ ಬಾಯಾರಿಕೆ ಆದರೆ ಸೋಮವಾರದ ತನಕ ಕಾಯಬೇಡ.

ಹೊಲಮನಿ77 (ಚಿತ್ತಾಪುರ)

ನನ್ನ ಕೇಳಿದರೆ ಈ ಗೂಗಲ್ ಓದೋದೇ ತಪ್ಪು. ಡಾಕ್ಟರ್ ಹೇಳಿದ್ದು ಕೇಳಿ, ಮುಗೀತು. ನಮ್ಮ ಅಜ್ಜ ಮೊಬೈಲ್ ಇಲ್ಲದೇ 90 ವರ್ಷ ಬಾಳಿದ.

ಲ್ಯಾಬ್_ಅಕ್ಕ (ಕಲಬುರಗಿ)

ಹೊಲಮನಿ ಅವರೇ, ಓದಬೇಡಿ ಅಂದರೆ ಯಾರೂ ಬಿಡಲ್ಲ. ನಾನು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಿಪೋರ್ಟ್ ಕೈಗೆ ಕೊಟ್ಟ ಅರ್ಧ ನಿಮಿಷಕ್ಕೆ ಜನ ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹಾಕಿ ನೋಡುತ್ತಾರೆ. ನೋಡೋದು ತಪ್ಪಲ್ಲ. ನೋಡೋ ರೀತಿ ತಪ್ಪಾಗುತ್ತೆ.

ಒಂದು ಪ್ರಸಂಗ ಹೇಳುತ್ತೇನೆ. ಜೇವರ್ಗಿ ಕಡೆಯ ಒಬ್ಬ ಅಮ್ಮ, ಜೊತೆಗೆ ಕಾಲೇಜು ಓದೋ ಮಗ. ಖಾಲಿ ಹೊಟ್ಟೆ ಶುಗರ್ 118 ಬಂತು. ಹೊರಗೆ ಹೋದವರು ಹತ್ತು ನಿಮಿಷಕ್ಕೆ ವಾಪಸ್ ಬಂದರು, ಅಮ್ಮ ಅಳುತ್ತಿದ್ದಾರೆ, ಮಗನ ಮುಖ ಬಿಳಿಚಿಕೊಂಡಿದೆ. "ಮೇಡಂ, 7 ದಾಟಿದ್ರ ಶುಗರ್ ಅಂತದ, ನಮ್ಮವ್ವಂದು 118 ಅದ!" ಅಂದ. ಮೊಬೈಲ್ ಇಸಕೊಂಡು ನೋಡಿದೆ. ಬ್ರಿಟನ್ನಿನ ಸರ್ಕಾರಿ ಸೈಟು, ಒಳ್ಳೆಯ ಸೈಟೇ, ಒಂದಕ್ಷರ ಸುಳ್ಳಿಲ್ಲ. ಆದರೆ ಅವರು ಅಳೆಯೋದು ಮಿಲಿಮೋಲ್ ಲೆಕ್ಕದಲ್ಲಿ, ನಾವು ಮಿಲಿಗ್ರಾಂ ಲೆಕ್ಕದಲ್ಲಿ. ಅವರ ಸಂಖ್ಯೆಯನ್ನು 18ರಿಂದ ಗುಣಿಸಿದರೆ ನಮ್ಮದು ಬರುತ್ತೆ. ಅವರ 7 ಅಂದರೆ ನಮ್ಮ 126. ಆ ಅಮ್ಮನದು ಗಡಿ ಹತ್ತಿರ ಇತ್ತು, ಡಾಕ್ಟರಿಗೆ ತೋರಿಸಬೇಕಾದದ್ದೇ, ಆದರೆ ಅಳುವಷ್ಟು ಏನೂ ಇರಲಿಲ್ಲ. ಕ್ಯಾಲ್ಕುಲೇಟರಿನಲ್ಲಿ ನಾನು ಹೊಡೆದು ತೋರಿಸಿದ ಮೇಲೆ ಆ ಹುಡುಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಹಾಗಾಗಿ ಸಂಖ್ಯೆ ಓದಿದರೆ ಮುಂದಿರೋ ಅಳತೆಯನ್ನೂ ಓದಿ. ನಿಮ್ಮ ರಿಪೋರ್ಟಿನಲ್ಲಿ ಬಲಗಡೆ ಆ ಲ್ಯಾಬಿನ ಮಾಮೂಲು ಮಿತಿ ಬರೆದಿರುತ್ತೆ, ಮೊದಲು ಅದನ್ನು ನೋಡಿ, ಇಂಟರ್ನೆಟ್ಟಿನ ಮಿತಿ ಆಮೇಲೆ.

ಮೂರು ತಿಂಗಳ ಸರಾಸರಿ ಅನ್ನುತ್ತಾರಲ್ಲ, ಎಚ್‌ಬಿಎ1ಸಿ, ಅದರಲ್ಲೂ ಒಂದು ತಿರುವು ಇದೆ. 6.5 ಮತ್ತು ಅದಕ್ಕಿಂತ ಜಾಸ್ತಿ ಅಂದರೆ ಶುಗರ್ ಅಂತ ಎಲ್ಲಾ ಕಡೆ ಬರೆದಿದೆ, ಸರಿ. ಆದರೆ ರಕ್ತ ಕಡಿಮೆ ಇರೋರಿಗೆ ಆ ಸಂಖ್ಯೆ ದಾರಿ ತಪ್ಪಿಸುತ್ತೆ. ಕಬ್ಬಿಣದ ಕೊರತೆ ಇದ್ದರೆ ಇರೋದಕ್ಕಿಂತ ಮೇಲೆ ತೋರಿಸಬಹುದು. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 8, 9 ನೋಡಿ ನೋಡಿ ಸಾಕಾಗಿದೆ. ಆ ಮಾತು ಬರೆದಿರೋ ವೆಬ್‌ಪೇಜ್ ಹತ್ತರಲ್ಲಿ ಒಂದು ಸಿಕ್ಕರೆ ಪುಣ್ಯ.

ಬಿಸಿಲೂರು (ಯಾದಗಿರಿ)

ಅಕ್ಕಾರು ಹೇಳಿದ್ದು ಓದಿ ನಮ್ಮನೆ ಕಥೆ ನೆನಪಾಯ್ತು. ಸೈಟು ಸರಿ ಇತ್ತು, ನಾವು ಓದಿದ್ದೂ ಸರಿ ಇತ್ತು, ಆದರೂ ಎಡವಟ್ಟಾಯ್ತು.

ಅವ್ವಗೆ ಇನ್ಸುಲಿನ್ ಶುರು ಮಾಡಿದರು. ನಾನು ಇಂಗ್ಲಿಷ್ ಸೈಟ್ ಓದಿದೆ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ, ತೆರೆದದ್ದು ಕೋಣೆಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತೆ ಅಂತ ಇತ್ತು. ಸರಿ, ದೇವರ ಮನೆ ಪಕ್ಕದ ಮಾಡಿನಲ್ಲಿ ಇಟ್ಟೆ. ಮೇ ತಿಂಗಳು. ಯಾದಗಿರಿ. ಪತ್ರಾಸ್ ತಗಡಿನ ಮನೆ. ಹೊರಗೆ 43, ಒಳಗೆ ಅದಕ್ಕಿಂತ ಬಹಳ ಕಡಿಮೆ ಏನಿರಲ್ಲ, ಮಧ್ಯಾಹ್ನ ಕರೆಂಟ್ ಹೋದರೆ ಗೋಡೆ ಮುಟ್ಟಿದರೂ ಬಿಸಿ. ಎರಡು ವಾರ ಆದರೂ ಶುಗರ್ ಇಳಿಯಲೊಲ್ಲದು. ಅವ್ವ ಕದ್ದು ಬೆಲ್ಲ ತಿನ್ನುತ್ತಾಳೆ ಅಂತ ನಾನು ಜಗಳ ಬೇರೆ ಮಾಡಿದೆ. ದವಾಖಾನೆಯಲ್ಲಿ ಡೋಸ್ ಏರಿಸಿದರು. ಕೊನೆಗೆ ಒಬ್ಬ ನರ್ಸ್ "ಬಾಟ್ಲಿ ಎಲ್ಲಿ ಇಡ್ತೀರಿ?" ಅಂತ ಕೇಳಿದರು. ಆಗ ಗೊತ್ತಾಯ್ತು. ಅವರ ಸೈಟಿನ "ಕೋಣೆಯ ಉಷ್ಣತೆ" ಅಂದರೆ 25, ಹೆಚ್ಚೆಂದರೆ 30. ನಮ್ಮ ಕೋಣೆ ಅಲ್ಲ ಅದು.

ಈಗ ಅವ್ವನ ಇನ್ಸುಲಿನ್ ಮಡಿಕೆಯಲ್ಲಿ ಇರುತ್ತೆ. ದೊಡ್ಡ ಮಡಿಕೆಯಲ್ಲಿ ಉಸುಕು ಹಾಕಿ ನೀರು ಚಿಮುಕಿಸಿ, ಅದರೊಳಗೆ ಸಣ್ಣ ಮಡಿಕೆ, ಅದರೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಟಲಿ. ಬಾಟಲಿಗೆ ನೀರು ತಾಗಬಾರದು. ಮೇಲೆ ಹಸಿ ಬಟ್ಟೆ. ಫ್ರಿಜ್ ಇದ್ದೋರು ಬಾಗಿಲಿನ ಕಡೆ ಇಡಿ, ಫ್ರೀಜರಿನಲ್ಲಿ ಮಾತ್ರ ಯಾವತ್ತೂ ಬೇಡ, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ. ಡೋಸ್ ಏರಿಸಿದ್ದನ್ನು ಆಮೇಲೆ ಡಾಕ್ಟರೇ ಇಳಿಸಿದರು, ಹೊಸ ಬಾಟಲಿ ಶುರು ಮಾಡೋವಾಗ ಹೇಳಿದ್ದೆವು, ಹೇಳದಿದ್ದರೆ ಶುಗರ್ ಇಳಿದು ಅವ್ವ ಬಿದ್ದೇ ಹೋಗುತ್ತಿದ್ದಳು.

ಬೆಲ್ಲದ ಜಗಳಕ್ಕೆ ಅವ್ವ ಇನ್ನೂ ನನ್ನ ಕ್ಷಮಿಸಿಲ್ಲ.

ಹೊಲಮನಿ77

ಇದಕ್ಕೇ ಹೇಳಿದ್ದು. ಓದಿದ್ದಕ್ಕೇ ಕೆಟ್ಟಿತು ನೋಡಿ.

ಬಿಸಿಲೂರು

ಕಾಕಾ, ಮಡಿಕೆ ವಿಷಯಾನೂ ನಾನು ಓದಿಯೇ ತಿಳಿದದ್ದು. 🙂 ನರ್ಸ್‌ಗೆ ತೋರಿಸಿ ಹೌದು ಅನ್ನಿಸಿಕೊಂಡೆ ಅಷ್ಟೇ.

ಕೋಟೆಬಾಗಿಲು (ಬೀದರ್)

ಶಾಲೆ ಮೇಷ್ಟ್ರು ನಾನು, ನನ್ನ ಪಾಲಿನದೂ ಸೇರಿಸುತ್ತೇನೆ. ಮೇಲಿನವರು ಒಳ್ಳೆಯ ಸೈಟನ್ನು ತಪ್ಪಾಗಿ ಓದೋದರ ಬಗ್ಗೆ ಹೇಳಿದರು. ಬೇಕಂತಲೇ ಮೋಸ ಮಾಡೋರದ್ದು ಬೇರೆ ಕಥೆ.

ಮೊದಲು ಕೆಳಗೆ ಇಳಿದು ನೋಡಿ, ಏನಾದರೂ ಮಾರುತ್ತಿದ್ದಾರಾ ಅಂತ. "ಗುಳಿಗೆ ವಿಷ" ಅನ್ನೋ ವಿಡಿಯೊ ಕೊನೆಯಲ್ಲಿ ಒಂದು ಪುಡಿಯ ಡಬ್ಬಿ ಬರುತ್ತೆ, ಆರ್ಡರ್ ಮಾಡೋಕೆ ನಂಬರ್ ಬರುತ್ತೆ. ಹೆದರಿಸಿದ್ದೇ ಅದಕ್ಕೆ. ನಮ್ಮಲ್ಲಿ 1954ರಷ್ಟು ಹಿಂದೆಯೇ ಒಂದು ಕಾನೂನು ಬಂದಿದೆ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮೆಡೀಸ್ ಕಾಯ್ದೆ ಅಂತ. ಅದರ ಕೊನೆಯಲ್ಲಿ 54 ಕಾಯಿಲೆಗಳ ಪಟ್ಟಿ ಇದೆ. ಶುಗರ್ ಇದೆ, ಬಿಪಿ ಇದೆ, ಕ್ಯಾನ್ಸರ್ ಇದೆ, ಕಿಡ್ನಿ ಕಲ್ಲೂ ಇದೆ. ಇವನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡೋದೇ ತಪ್ಪು. ಅಂದರೆ ಯಾರಾದರೂ ಜಾಹೀರಾತಿನಲ್ಲಿ "ಶುಗರ್ ಬೇರು ಸಮೇತ ಕೀಳುತ್ತೇವೆ" ಅಂದರೆ ಔಷಧಿ ಹೇಗಿದೆಯೋ ಬಿಡಿ, ಆ ಮಾತೇ ಕಾನೂನಿಗೆ ವಿರುದ್ಧ. ನಾನು ಇದನ್ನು ಒಬ್ಬ ಏಜೆಂಟಿಗೆ ಹೇಳಿದೆ, ಅವನು ಚಹಾ ಕೂಡ ಕುಡಿಯದೆ ಎದ್ದು ಹೋದ.

ಬಿಳಿ ಕೋಟಿಗೂ ಈಗ ಬೆಲೆ ಇಲ್ಲ. ಹೆಸರಾಂತ ಹೃದಯ ವೈದ್ಯರ ಮುಖಕ್ಕೆ, ಟಿವಿಯವರ ಮುಖಕ್ಕೆ ಕಂಪ್ಯೂಟರಿನಲ್ಲಿ ಬೇರೆ ಮಾತು ಅಂಟಿಸುತ್ತಾರೆ. ನನಗೂ ಒಂದು ಬಂದಿತ್ತು. ಧ್ವನಿ ಹಿಂದಿ, ತುಟಿ ಒಂಚೂರು ಹಿಂದೆ ಬೀಳುತ್ತಿತ್ತು, ಕಣ್ಣು ಮಾತ್ರ ಮಿಟುಕುತ್ತಿರಲಿಲ್ಲ. ಈಗಿನವು ಇನ್ನೂ ಚೆನ್ನಾಗಿ ಬರುತ್ತಿವೆ, ತುಟಿ ನೋಡಿ ಹಿಡಿಯೋಕಾಗಲ್ಲ. ಅದಕ್ಕೇ ಆ ಡಾಕ್ಟರ್ ಇರೋ ಆಸ್ಪತ್ರೆಯ ಸ್ವಂತ ಪುಟದಲ್ಲಿ ಆ ವಿಡಿಯೊ ಇದೆಯಾ ಅಂತ ಹುಡುಕುತ್ತೇನೆ. ಇಲ್ಲ ಅಂದರೆ ಬಿಟ್ಟೆ.

ಮುದ್ರೆ, ಬ್ಯಾಡ್ಜ್ ನೋಡಿ ನಂಬೋದೂ ಕಷ್ಟ. ಮೊದಲು ಜಿನೀವಾದ ಒಂದು ಸಂಸ್ಥೆ ಆರೋಗ್ಯದ ವೆಬ್‌ಸೈಟುಗಳನ್ನು ನೋಡಿ ಹಾನ್‌ಕೋಡ್ ಅಂತ ಮುದ್ರೆ ಕೊಡುತ್ತಿತ್ತು. ಬರೆದವರು ಯಾರು, ದುಡ್ಡು ಯಾರದು, ಯಾವಾಗ ತಿದ್ದಿದ್ದು, ಇವನ್ನೆಲ್ಲ ಕೇಳುತ್ತಿತ್ತು. 1996ರಲ್ಲಿ ಶುರುವಾದದ್ದು 2022ರಲ್ಲಿ ನಿಂತೇಹೋಯ್ತು. ಆ ಮುದ್ರೆ ಎಲ್ಲಾದರೂ ಇನ್ನೂ ಕಂಡರೆ, ಅದನ್ನು ಈಗ ಯಾರೂ ಪರೀಕ್ಷೆ ಮಾಡುತ್ತಿಲ್ಲ ಅಂತ ತಿಳಿಯಿರಿ. ಆದರೆ ಆ ಪ್ರಶ್ನೆಗಳು ಮಾತ್ರ ಒಳ್ಳೆಯವು, ನಾನು ಹತ್ತನೇ ತರಗತಿ ಮಕ್ಕಳಿಗೂ ಅವನ್ನೇ ಹೇಳಿಕೊಡುತ್ತೇನೆ.

ಹುಡುಕೋ ರೀತಿಯೂ ಇದೆ. "ಮೆಟ್‌ಫಾರ್ಮಿನ್ ಕ್ಯಾನ್ಸರ್" ಅಂತ ಹಾಕಿದರೆ ಕ್ಯಾನ್ಸರೇ ಬರುತ್ತೆ, ಇನ್ನೇನು ಬರುತ್ತೆ? ಬರೀ ಔಷಧಿ ಹೆಸರು ಹಾಕಿ. ಅಮೆರಿಕ ಸರ್ಕಾರದ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಅಂತ ಒಂದಿದೆ, ಜಾಹೀರಾತು ಇಲ್ಲ, ಒಂದೊಂದು ಗುಳಿಗೆಗೂ ಪುಟ ಇದೆ, ಕೆಳಗೆ ಕೊನೆಗೆ ತಿದ್ದಿದ ತಾರೀಖು ಇದೆ. ಇಂಗ್ಲಿಷ್ ಅನ್ನೋದೇ ತೊಂದರೆ. ಕನ್ನಡಕ್ಕೆ ಯಂತ್ರದಿಂದ ತಿರುಗಿಸಿದರೆ ಅನಾಹುತ, ಒಂದು ಕಡೆ ಔಷಧಿಗೆ "ಮಾದಕ ವಸ್ತು" ಅಂತ ಬಂದಿತ್ತು, ನಮ್ಮ ಮಾವ ಅದನ್ನು ಓದಿ ಬಿಪಿ ಗುಳಿಗೆ ಅಫೀಮು ಅಂತಲೇ ತಿಳಿದಿದ್ದರು. ಕನ್ನಡದಲ್ಲಿ ಡಾಕ್ಟರುಗಳು ತಾವೇ ಕೂತು ಬರೆದದ್ದು ಇನ್ನೂ ಜಾಸ್ತಿ ಬರಬೇಕು. ಅಲ್ಲಿಯವರೆಗೆ ಈ ಖಾಲಿ ಜಾಗಕ್ಕೆ ಪುಡಿ ಮಾರೋರೇ ಬಂದು ಕೂರುತ್ತಾರೆ.

ಹೊಲಮನಿ77

ಡಾಕ್ಟರುಗಳೂ ಕಂಪನಿಯವರು ಹೇಳಿದ್ದೇ ಬರೆಯುತ್ತಾರೆ ಅಂತಾರಲ್ಲ, ಅದಕ್ಕೇನು ಹೇಳುತ್ತೀರಿ?

ಗುಳಿಗೆಡಬ್ಬಿ

ಈಗಷ್ಟೇ ಡಾಕ್ಟರ್ ಹೇಳಿದ್ದು ಕೇಳಿ ಅಂದೋರು ನೀವೇ ಅಲ್ವಾ ಕಾಕಾ? 😀 ಸಂಶಯ ಬಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸೋದು ತಪ್ಪೇನಲ್ಲ. ಜಿಲ್ಲಾ ಆಸ್ಪತ್ರೆ ಇದೆ, ದೂರ ಆದರೆ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲಿನಲ್ಲೇ ದುಡ್ಡಿಲ್ಲದೆ ಡಾಕ್ಟರ್ ಹತ್ತಿರ ಮಾತಾಡಬಹುದು. ಮೆಟ್‌ಫಾರ್ಮಿನ್ ವಿಷಯಕ್ಕೆ ಬಂದರೆ, ಅದು ಅಂಗಡಿಯಲ್ಲಿ ಇರೋ ಅಗ್ಗದ ಗುಳಿಗೆಗಳಲ್ಲಿ ಒಂದು. ಅದನ್ನು ಬರೆದು ಶ್ರೀಮಂತರಾದ ಡಾಕ್ಟರನ್ನು ನಾನು ನೋಡಿಲ್ಲ.

ಲ್ಯಾಬ್_ಅಕ್ಕ

ಎರಡು ನಿಮಿಷದ ಮಾತಿಗೆ ಒಂದು ಉಪಾಯ. ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೂರಕ್ಕಿಂತ ಜಾಸ್ತಿ ಬೇಡ. ಫಾರ್ವರ್ಡ್ ಮೊಬೈಲಿನಲ್ಲೇ ಡಾಕ್ಟರ್ ಮುಂದೆ ಹಿಡಿಯಿರಿ. ಮುಖ್ಯ ಏನಂದರೆ ಪ್ರಶ್ನೆ ಅಪ್ಪ ಅವರೇ ಕೇಳಲಿ, ನೀವಲ್ಲ. ನೀವು ಕೇಳಿದರೆ ಉತ್ತರ ನಿಮಗೆ ಬರುತ್ತೆ, ಅಪ್ಪ ಫ್ಯಾನ್ ನೋಡಿಕೊಂಡು ಕೂರುತ್ತಾರೆ.

ಸೇಡಂರಸ್ತೆ_ಹುಡುಗ

ಹೋಗಿ ಬಂದೆವು. ಏನಾಯ್ತು ಅಂತ ಬರೆಯಲೇಬೇಕು.

ಹಿಂದಿನ ರಾತ್ರಿ ಅಪ್ಪನ ಪಕ್ಕ ಕೂತು ಆ ಇಂಗ್ಲಿಷ್ ಸುದ್ದಿ ತೆಗೆದೆ. ನಾನೇನೂ ಹೇಳಲಿಲ್ಲ, ತಾರೀಖು ಹುಡುಕಿ ಅಂತ ಮೊಬೈಲ್ ಅವರ ಕೈಗೇ ಕೊಟ್ಟೆ. ಕನ್ನಡಕ ಏರಿಸಿ ಹುಡುಕಿದರು. 2020. ಆಮೇಲೆ ಸ್ಟ್ರಿಪ್ ಕೊಟ್ಟೆ, ಹಿಂದೆ ಅಚ್ಚು ಮಾಡಿದ್ದನ್ನು ಓದೋಕಾಗದೆ ಬ್ಯಾಟರಿ ಹಾಕಿ ಓದಿದರು. ಹೋದ ವರ್ಷದ ಗುಳಿಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ವರ್ಷದ ಹಳೀ ಹೆಣಕ್ಕ ಈಗ ಅಳಾಕ ಹಚ್ಚ್ಯಾರ" ಅಂದರು.

ಚೀಟಿ ಅವರೇ ಬರೆದರು. ಡಾಕ್ಟರ್ ಫೋಟೊ ನೋಡಿ ನಕ್ಕರು, ಇದು ದಿನಾ ಬರುತ್ತೆ ಅಂದರು. ಕಿಡ್ನಿಯ ರಕ್ತ ಪರೀಕ್ಷೆ ಒಂದು ಬರೆದರು, ಕಿಡ್ನಿ ಸರಿ ಇದ್ದರೆ ಈ ಗುಳಿಗೆಗೆ ಹೆದರಬೇಕಿಲ್ಲ, ಕಿಡ್ನಿ ಮೊದಲೇ ಬಹಳ ಕೆಟ್ಟಿದ್ದರೆ ಮಾತ್ರ ಕೊಡಲ್ಲ ಅಂತ ಅಪ್ಪನಿಗೇ ಬಿಡಿಸಿ ಹೇಳಿದರು. ರಿಪೋರ್ಟ್ ಸರಿ ಬಂತು. ಗುಳಿಗೆ ಶುರುವಾಗಿದೆ.

ಈಗ ಬೇರೆ ಪೀಕಲಾಟ. ಬೀಗರ ಗುಂಪಿನಲ್ಲಿ ಏನು ಬಂದರೂ ಅಪ್ಪ "ತಾರೀಖು ಎಷ್ಟು?" ಅಂತ ಹಾಕುತ್ತಿದ್ದಾರೆ. ಇಬ್ಬರು ಗುಂಪು ಬಿಟ್ಟಿದ್ದಾರೆ. ಇವತ್ತು ಇನ್ನೊಂದು ಬಂದಿದೆ, ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ. ಇದಕ್ಕೆ ತಾರೀಖೂ ಇಲ್ಲ, ಬ್ಯಾಚೂ ಇಲ್ಲ, ಏನು ಮಾಡೋದು ಅಕ್ಕಾ?

ಲ್ಯಾಬ್_ಅಕ್ಕ

ಜೋಳ ಒಳ್ಳೆಯದು, ನಾರು ಇದೆ, ಬಿಳಿ ಅನ್ನಕ್ಕಿಂತ ವಾಸಿ. ಆದರೆ 100 ಗ್ರಾಂ ಜೋಳದಲ್ಲಿ 70 ಗ್ರಾಂ ಹತ್ತಿರ ಹಿಟ್ಟಿನಂಶವೇ, ಅದು ಹೊಟ್ಟೆಗೆ ಹೋಗಿ ಸಕ್ಕರೆ ಆಗದೆ ಇನ್ನೇನಾಗುತ್ತೆ? ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಯಾರನ್ನೂ ಕೇಳಬೇಡಿ. ಒಂದು ದಿನ ಅವರು ಯಾವಾಗಲೂ ತಿನ್ನೋವಷ್ಟು, ಇನ್ನೊಂದು ದಿನ ಅದರ ಅರ್ಧ, ಪಲ್ಯ ಅದೇ ಇರಲಿ, ಹೊತ್ತು ಅದೇ ಇರಲಿ. ಊಟ ಶುರು ಮಾಡಿದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ.

ಸೇಡಂರಸ್ತೆ_ಹುಡುಗ

ನೋಡಿದೆವು. ನಾಲ್ಕು ರೊಟ್ಟಿಗೆ 226, ಎರಡಕ್ಕೆ 171, ಎರಡು ದಿನವೂ ಪುಂಡಿಪಲ್ಯ. ಅಪ್ಪ ಎರಡೂ ಸಂಖ್ಯೆ ಕ್ಯಾಲೆಂಡರ್ ಮೇಲೆ ತಾರೀಖು ಸಮೇತ ಬರೆದು, ಅದರ ಫೋಟೊ ಗುಂಪಿಗೆ ಹಾಕಿದರು. ಅವ್ವ ಅಡುಗೆ ಮನೆಯಿಂದ, "ಒಂಬತ್ತು ವರ್ಷ ಎರಡs ತಿನ್ರಿ ಅಂದೆ, ನನ್ನ ಮಾತಿಗೆ ಕ್ಯಾಲೆಂಡರ್ ಇರಲಿಲ್ಲ" ಅಂದಳು.